ದ್ಯಾವನೂರಿನ ಬೀಜ, ಗುಂಟೂರಿನ ದರಪಟ್ಟಿ

ಗುಂಟೂರು ಮಾರುಕಟ್ಟೆಯ ಒಣಮೆಣಸಿನಕಾಯಿ ದರಪಟ್ಟಿ ವ್ಯಾಪಾರಿಗಳ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ತೇಜಾ, 341, 4884, ಬ್ಯಾಡಗಿ 355, ಸಿಂಜೆಂಟಾ ಬ್ಯಾಡಗಿ ಅಂತ ಸಾಲಾಗಿ ತಳಿಗಳ ಹೆಸರು, ಎದುರಿಗೆ ದರ. ಅದರಲ್ಲಿ ‘ಡಿಡಿ’ ಅಂತ ಒಂದು ಸಾಲಿರುತ್ತದೆ. ಬ್ಯಾಂಕಿನ ಡಿಡಿ ಅಲ್ಲ. ದೇವನೂರ ಡಿಲಕ್ಸ್. ದೇವನೂರು ಅನ್ನೋದು ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಒಂದು ಹಳ್ಳಿ. ನಮ್ಮ ಕಡೆ ಬಾಯಲ್ಲಿ ಅದು ದ್ಯಾವನೂರ. ಧಾರವಾಡದ ಕೃಷಿ ವಿಜ್ಞಾನಿಗಳ ಪ್ರಬಂಧಗಳಲ್ಲೂ ‘ದ್ಯಾವನೂರ ಡಬ್ಬಿ’, ‘ದ್ಯಾವನೂರ ಡಿಲಕ್ಸ್’ ಅಂತಲೇ ಇರುತ್ತದೆ.

ಒಂದು ಎರಿ ಸೀಮೆಯ ಹಳ್ಳಿಯ ಹೆಸರು ಆಂಧ್ರದ ಪೇಟೆಯಲ್ಲಿ ಸರಕಿನ ಹೆಸರಾಗಿ ಕೂತಿದೆ. ಆ ಹಳ್ಳಿಯಲ್ಲಿ ಆ ಕಾಯಿಯನ್ನು ತಿದ್ದಿ ತೀಡಿ ತಳಿ ಮಾಡಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ನಾನು ಕುಂದಗೋಳ ಸೀಮೆಯವನು. ಬೆಂಗಳೂರಿನ ಆಫೀಸಿನಲ್ಲಿ ಊರ ಹೆಸರು ಹೇಳಿದರೆ ಸಂಗೀತ ಗೊತ್ತಿರೋ ಒಬ್ಬಿಬ್ಬರು “ಓ, ಸವಾಯಿ ಗಂಧರ್ವರ ಊರು” ಅಂತಾರೆ. ಭೀಮಸೇನ ಜೋಶಿ ಅಲ್ಲೇ ಕಲಿತರು, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದರು. ಆ ಘರಾಣೆಯಲ್ಲಿ ಯಾರು ಯಾರಿಗೆ ಹೇಳಿಕೊಟ್ಟರು ಅನ್ನೋದಕ್ಕೆ ಲೆಕ್ಕ ಇದೆ. ಉಳಿದವರು “ಊರಿಗೆ ಹೋದಾಗ ಎರಡು ಕೇಜಿ ಬ್ಯಾಡಗಿ ತಂದುಕೊಡಿ” ಅಂತಾರೆ. ಆ ಬ್ಯಾಡಗಿಗೂ ಒಂದು ಘರಾಣೆ ಇದೆ. ಅದರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಈ ಬರಹ ಆ ಲೆಕ್ಕ ಹುಡುಕುವ ಪ್ರಯತ್ನ.

ಮೊದಲು ಹೆಸರಿನ ವಿಷಯ ಮುಗಿಸಿಬಿಡೋಣ. ಬ್ಯಾಡಗಿ ಅನ್ನೋದು ಹಾವೇರಿ ಜಿಲ್ಲೆಯ ಪಟ್ಟಣ, ದೊಡ್ಡ ಮೆಣಸಿನಕಾಯಿ ಪೇಟೆ. 1997ರ ತನಕ ಹಾವೇರಿ, ಗದಗ ಎರಡೂ ಅಖಂಡ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಕಾಯಿ ಬೆಳೆಯೋದು ಸುತ್ತಲಿನ ಎರಿ ಹೊಲಗಳಲ್ಲಿ, ಅಂದರೆ ಕುಂದಗೋಳ, ಅಣ್ಣಿಗೇರಿ, ನವಲಗುಂದ, ಹುಬ್ಬಳ್ಳಿ, ಶಿಗ್ಗಾಂವಿ, ಗದಗ ಕಡೆ. ಮಾರೋದು ಬ್ಯಾಡಗಿಯಲ್ಲಿ. ಪೇಟೆಯ ಹೆಸರೇ ಕಾಯಿಗೆ ಅಂಟಿಕೊಂಡಿತು. ನಿಮ್ಮ ಅಡುಗೆಮನೆಯ ಬಿಸಿಬೇಳೆಭಾತಿನ ಬಣ್ಣ, ಕುಂದಾಪುರದ ಚಿಕನ್ ಘೀ ರೋಸ್ಟಿನ ಕೆಂಪು, ನಮ್ಮ ಕಡೆಯ ಮಸಾಲಿ ಖಾರ, ಎಲ್ಲದರ ಹಿಂದೆ ಇರೋದು ಈ ಸುಕ್ಕುಗಟ್ಟಿದ, ಕಡುಗೆಂಪಿನ, ಖಾರ ಕಮ್ಮಿ ಇರುವ ಕಾಯಿ.

ಇದು ಇಲ್ಲಿಯ ಗಿಡ ಅಲ್ಲ ಅನ್ನೋದು ನಿಮಗೆ ಗೊತ್ತಿರಬಹುದು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. ನಾವೀಗ ಒಣಗಿಸಿ ಪುಡಿ ಮಾಡುವ ಜಾತಿಯನ್ನು ಸಾವಿರಾರು ವರ್ಷಗಳ ಹಿಂದೆ ಮೊದಲು ಪಳಗಿಸಿದ್ದು ಮೆಕ್ಸಿಕೊ ಭಾಗದ ಜನ. ಕೊಲಂಬಸ್ ನಂತರ ಅದು ಯುರೋಪಿಗೆ ಹೋಯಿತು, ಪೋರ್ಚುಗೀಸರ ಹಡಗು ಹತ್ತಿ ಇಲ್ಲಿಗೆ ಬಂತು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವಾ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಗೋವಾದಿಂದ ಘಟ್ಟ ಹತ್ತಿದರೆ ಧಾರವಾಡ ಸೀಮೆ. ಅದಕ್ಕೂ ಮೊದಲು ನಮ್ಮ ಅಡುಗೆಯಲ್ಲಿ ಖಾರ ಅಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಹೊಸ ಕಾಯಿ ಬಂದಾಗ ಕನ್ನಡ ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಮೆಣಸಿನಂತೆ ಖಾರ, ಆದರೆ ಕಾಯಿ. ಹಾಗಾಗಿ ಮೆಣಸಿನಕಾಯಿ. ಅಣ್ಣಿಗೇರಿಯನ್ನು ಪಂಪನ ಹುಟ್ಟೂರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಹತ್ತನೇ ಶತಮಾನದ ಪಂಪನಿಗೆ ಇವತ್ತಿನ ಅಣ್ಣಿಗೇರಿಯ ಊಟ ಬಡಿಸಿದರೆ ಅವನು ಹೌಹಾರುವುದು ಖಂಡಿತ. ರೊಟ್ಟಿ, ಮೊಸರು ಗುರುತಾದಾವು. ಕೆಂಪು ಚಟ್ನಿ ಏನಂತ ತಿಳಿಯಲಿಕ್ಕಿಲ್ಲ.

ಈಗ ಅಸಲು ಪ್ರಶ್ನೆಗೆ ಬರೋಣ. ಹಡಗಿನಲ್ಲಿ ಬಂದ ಕಾಯಿ ಬ್ಯಾಡಗಿ ಆಗಿರಲಿಲ್ಲ. ಅದು ಬ್ಯಾಡಗಿ ಆದದ್ದು ಹೇಗೆ?

ಇಲ್ಲಿ ಸ್ವಲ್ಪ ಹಣ್ಣಿನ ಗಿಡಗಳ ಕಡೆ ನೋಡೋಣ. ಯುರೋಪಿನಲ್ಲೋ ಕಾಶ್ಮೀರದಲ್ಲೋ ಚೆರ್ರಿ, ಪೇರ್ ಹಣ್ಣಿನ ಹೊಸ ತಳಿ ಮಾಡುವವರು ಎರಡು ಮರಗಳ ಹೂವು ಕೂಡಿಸಿ, ಬೀಜ ಬಿತ್ತಿ, ಸಸಿ ಹಣ್ಣು ಬಿಡೋ ತನಕ ವರ್ಷಗಟ್ಟಲೆ ಕಾಯುತ್ತಾರೆ. ಆಮೇಲೆ ಗಾತ್ರ, ಗಟ್ಟಿತನ, ಸಕ್ಕರೆ, ಹುಳಿ, ಬಣ್ಣ ಅಳೆದು, ನಾಲ್ಕು ಜನರ ಬಾಯಿಗೆ ಕೊಟ್ಟು ರುಚಿ ಕೇಳಿ, ಸಾವಿರ ಸಸಿಯಲ್ಲಿ ಒಂದನ್ನೋ ಎರಡನ್ನೋ ಉಳಿಸಿಕೊಳ್ಳುತ್ತಾರೆ. ಕೆಲಸ ದೊಡ್ಡದೇ. ಆದರೆ ಒಂದು ಅನುಕೂಲ ಇದೆ. ಒಮ್ಮೆ ಬೇಕಾದ ಮರ ಸಿಕ್ಕರೆ ಅದರ ಟೊಂಗೆ ಕತ್ತರಿಸಿ ಕಸಿ ಕಟ್ಟಿ, ಅದೇ ಮರವನ್ನು ಲಕ್ಷ ಮಾಡಬಹುದು. ನಮ್ಮ ಧಾರವಾಡ, ಕಲಘಟಗಿಯ ಆಪೂಸ ಮಾವೂ ಹಾಗೇ. ಪರೀಕ್ಷೆ ಒಮ್ಮೆ ಪಾಸಾದರೆ ಸಾಕು.

ಮೆಣಸಿನಕಾಯಿಗೆ ಆ ಭಾಗ್ಯ ಇಲ್ಲ. ಅದು ವರ್ಷದ ಬೆಳೆ, ಪ್ರತಿ ಮುಂಗಾರಿಗೂ ಬೀಜದಿಂದಲೇ ಹುಟ್ಟಬೇಕು. ಅದರ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ, ತನ್ನಷ್ಟಕ್ಕೆ ತಾನು ಕಾಯಿ ಕಟ್ಟಬಲ್ಲದು. ಆದರೆ ಜೇನು, ಇತರ ಕೀಟಗಳು ಪಕ್ಕದ ಹೊಲದ ಪರಾಗ ತಂದು ಹಾಕುವುದೂ ಸಾಕಷ್ಟಿದೆ. ಪ್ರತಿ ವರ್ಷ ಒಂದಿಷ್ಟು ಬೆರಕೆ ಆಗೇ ಆಗುತ್ತದೆ. ಆ ಬೆರಕೆಯನ್ನು ಪ್ರತಿ ವರ್ಷ ಯಾರಾದರೂ ಹೆಕ್ಕಿ ಹೊರಗೆ ಹಾಕಬೇಕು. ಹಾಕದಿದ್ದರೆ ಹತ್ತಿಪ್ಪತ್ತು ವರ್ಷದಲ್ಲಿ ತಳಿ ಕರಗಿಹೋಗುತ್ತದೆ. ಅಂದರೆ ಬ್ಯಾಡಗಿ ನಾಲ್ಕುನೂರು ವರ್ಷದ ಹಿಂದೆ ಒಮ್ಮೆ ತಯಾರಾಗಿ ಮುಗಿದ ವಸ್ತು ಅಲ್ಲ. ಅದು ಪ್ರತಿ ವರ್ಷ ಪರೀಕ್ಷೆ ಬರೆದು ಪಾಸಾಗಬೇಕಾದ ಕಾಯಿ.

ಆ ಪರೀಕ್ಷೆ ನಡೆಯುತ್ತಿದ್ದದ್ದು ಕಣದಲ್ಲಿ.

ನಮ್ಮ ಕಡೆ ಮೆಣಸಿನಕಾಯಿ ಒಂಟಿ ಬೆಳೆ ಆಗಿರಲಿಲ್ಲ. ಎರಿ ಹೊಲದಲ್ಲಿ ಮುಂಗಾರಿಗೆ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರನ್ನೂ ಕೂಡಿಸಿ ಬೆಳೆಯುವ ಪದ್ಧತಿ ಧಾರವಾಡ ಸೀಮೆಯ ಗುರುತೇ ಆಗಿತ್ತು. ಮೊದಲು ಉಳ್ಳಾಗಡ್ಡಿ ಕಿತ್ತು ರೊಕ್ಕ ನೋಡೋದು, ಆಮೇಲೆ ಮೆಣಸಿನಕಾಯಿ, ಕೊನೆಗೆ ಹತ್ತಿ. ನೀರಾವರಿ ಇಲ್ಲ, ಮಳೆ ಬಂದಷ್ಟು. ಚಳಿಗಾಲದ ಹೊತ್ತಿಗೆ ಹಣ್ಣಾದ ಕಾಯಿ ಬಿಡಿಸಿ ಕಣದಲ್ಲಿ ಹರವುತ್ತಿದ್ದರು. ವಾರಗಟ್ಟಲೆ ಬಿಸಿಲಿಗೆ ಒಣಗುವಾಗ ಹೆಣ್ಣುಮಕ್ಕಳು ಸುತ್ತ ಕೂತು ಬಿಳಿಗಾಯಿ, ಕೊಳೆತದ್ದು, ಮುರುಕು ಬೇರೆ ಮಾಡುತ್ತಿದ್ದರು. ಅದೇ ಹೊತ್ತಿಗೆ ಬೀಜದ ಕಾಯಿಯನ್ನೂ ಎತ್ತಿಡುತ್ತಿದ್ದರು.

ನಮ್ಮ ಆಯಿ ಇದನ್ನು ಮಾಡುವಾಗ ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಕಾಯಿ ಕೈಗೆತ್ತಿಕೊಂಡು ಬಿಸಿಲಿಗೆ ಹಿಡಿಯೋರು. ಕಿವಿ ಹತ್ತಿರ ಅಲ್ಲಾಡಿಸೋರು. ಚೆನ್ನಾಗಿ ಒಣಗಿದ್ದರೆ ಬೀಜ ಗಿಲಗಿಲ ಅನ್ನುತ್ತದೆ. ತೊಟ್ಟು ಗಟ್ಟಿ ಇದೆಯಾ, ಸುಕ್ಕು ಉದ್ದಕ್ಕೂ ಸಮ ಬಿದ್ದಿದೆಯಾ ನೋಡೋರು. ಆಮೇಲೆ ಒಂದು ಕಾಯಿ ಮುರಿದು ಮೂಗಿಗೆ ಹಿಡಿದು, ತುದಿ ನಾಲಿಗೆಗೆ ತಾಗಿಸೋರು. “ಇದು ಬರೇ ಉರಿ ಐತಿ, ರುಚಿ ಇಲ್ಲ, ಬೀಜಕ್ಕ ಬ್ಯಾಡ” ಅಂದು ಮಾರಾಟದ ಗುಂಪಿಗೆ ಎಸೆಯೋರು. ಹೊರಗಿಂದ ನೋಡಿದರೆ ಎಲ್ಲಾ ಕಾಯಿ ಒಂದೇ ಥರ. ಆದರೆ ಅವರ ಕೈಯಲ್ಲಿ ಗುಂಪುಗಳು ತಾವಾಗೇ ಬೇರೆ ಬೇರೆ ಆಗುತ್ತಿದ್ದವು.

ತಳಿವಿಜ್ಞಾನದ ಪುಸ್ತಕದಲ್ಲಿ ಇದಕ್ಕೆ ಸಮೂಹ ಆಯ್ಕೆ ಅನ್ನುತ್ತಾರೆ. ಇದಕ್ಕೊಂದು ಮಿತಿ ಇದೆ. ಕಾಯಿ ನೋಡಿ ಆರಿಸಿದರೆ ತಾಯಿ ಯಾವುದು ಅಂತಷ್ಟೇ ಗೊತ್ತಾಗುತ್ತದೆ, ಪರಾಗ ಯಾವ ಗಿಡದ್ದು ಅಂತ ಗೊತ್ತಾಗಲ್ಲ. ಹಾಗಾಗಿ ಪ್ರಗತಿ ನಿಧಾನ. ಆದರೆ ಊರಿನ ಎಲ್ಲಾ ಹೊಲದಲ್ಲೂ ಒಂದೇ ಥರದ ಕಾಯಿ, ಎಲ್ಲಾ ಕಣದಲ್ಲೂ ಹೆಚ್ಚುಕಮ್ಮಿ ಒಂದೇ ಥರದ ಪರೀಕ್ಷೆ ಇದ್ದಾಗ ಪರಾಗ ಎಲ್ಲಿಂದ ಬಂದರೂ ದೊಡ್ಡ ಹಾನಿ ಇಲ್ಲ. ತಳಿ ಮಾಡಿದ್ದು ಒಬ್ಬಳು ಆಯಿ ಅಲ್ಲ, ಇಡೀ ಸೀಮೆ.

ಅವರ ಪರೀಕ್ಷೆಯಲ್ಲಿ ಖಾರಕ್ಕೆ ಕಮ್ಮಿ ಅಂಕ, ಬಣ್ಣ ಮತ್ತು ವಾಸನೆಗೆ ಜಾಸ್ತಿ ಅಂಕ ಯಾಕೆ ಇತ್ತು? ನನ್ನ ಅಂದಾಜು ಇದು: ಈ ಸೀಮೆಯಲ್ಲಿ ಖಾರ ಅನ್ನೋದು ಒಗ್ಗರಣೆಗೆ ಹಾಕುವ ಚಿಟಿಕೆ ಅಲ್ಲ, ಅದೇ ಪಲ್ಯ, ಅದೇ ಚಟ್ನಿ. ಬುತ್ತಿ ಕಟ್ಟಿಕೊಂಡು ಹೋದವರು ರೊಟ್ಟಿಗೆ ಹಚ್ಚಿಕೊಂಡು ತಿನ್ನೋದು ಅದನ್ನೇ. ಮುಷ್ಟಿ ತುಂಬ ಹಾಕಿದರೂ ಹೊಟ್ಟೆ ಸುಡಬಾರದು, ರುಚಿ ಬರಬೇಕು. ಉರಿ ಬೇಕಂದರೆ ನಾಲ್ಕು ಬೇರೆ ಕಾಯಿ ಸೇರಿಸಿ ಕುಟ್ಟಿದರೆ ಆಯಿತು. ಅಡುಗೆಮನೆಯ ಈ ಲೆಕ್ಕ ಕಣಕ್ಕೆ ಬಂತು, ಕಣದಿಂದ ಬೀಜದ ಗಡಿಗೆಗೆ ಹೋಯಿತು. ಹೀಗೇ ಡಬ್ಬಿ, ಕಡ್ಡಿ ಅಂತ ಎರಡು ಬಗೆ ನಿಂತವು. ಡಬ್ಬಿ ಗಿಡ್ಡ, ದಪ್ಪ, ಬೀಜ ಹೆಚ್ಚು, ಬಣ್ಣ ಮತ್ತು ವಾಸನೆಗೆ ಹೆಸರಾದದ್ದು. ಕಡ್ಡಿ ಉದ್ದ, ಸಪೂರ, ಬೀಜ ಕಮ್ಮಿ. ದ್ಯಾವನೂರಿನಂಥ ಊರುಗಳು ತಮ್ಮದೇ ಆಯ್ಕೆಗೆ ತಮ್ಮದೇ ಹೆಸರು ಗಳಿಸಿದವು.

ಇದೇ ಕೆಲಸವನ್ನು ಇನ್ನೊಂದು ದೇಶ ಹೇಗೆ ಮಾಡಿತು ನೋಡಿ. ಹಂಗೇರಿಗೆ ಮೆಣಸಿನಕಾಯಿ ಹೋದದ್ದೂ ಹದಿನಾರನೇ ಶತಮಾನದಲ್ಲೇ. ಅವರಿಗೂ ಬಣ್ಣ ಬೇಕಿತ್ತು, ಖಾರ ಬೇಡವಾಗಿತ್ತು. ಖಾರ ಉಂಟಾಗುವುದು ಕಾಯಿಯೊಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ಬೀಜಕ್ಕೇ ಖಾರ ಅನ್ನೋದು ತಪ್ಪು ಕಲ್ಪನೆ, ತಿರುಳು ತಾಗಿಯೇ ಅದಕ್ಕೆ ಖಾರ ಹತ್ತುವುದು. ಹಂಗೇರಿಯ ಹೆಂಗಸರು ಕೈಯಿಂದ ಒಂದೊಂದೇ ಕಾಯಿ ಸೀಳಿ ಆ ತಿರುಳು ತೆಗೆಯುತ್ತಿದ್ದರು. 1859ರ ಸುಮಾರಿಗೆ ಸೆಗೆದ್ ಪಟ್ಟಣದ ಪಾಲ್ಫಿ ಸಹೋದರರು ತಿರುಳು ತೆಗೆದು ಪುಡಿ ಮಾಡುವ ಕೆಲಸವನ್ನು ಕಾರ್ಖಾನೆಗೆ ತಂದರು. ಆಮೇಲೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಕಾಲೊಚಾದ ಸಂಶೋಧನಾ ಕೇಂದ್ರದಲ್ಲಿ ಫೆರೆಂಟ್ಸ್ ಹೊರ್ವಾತ್ ಎಂಬ ತಳಿವಿಜ್ಞಾನಿ ಖಾರವೇ ಇಲ್ಲದ ಪಾಪ್ರಿಕಾ ತಳಿ ಬೆಳೆಸಿದ. ಸೆಗೆದ್‌ನಲ್ಲಿದ್ದ ಸೆಂಟ್ ಗ್ಯೋರ್ಗಿ ಎಂಬ ವಿಜ್ಞಾನಿ ಅದೇ ಪಾಪ್ರಿಕಾದಿಂದ ವಿಟಮಿನ್ ಸಿ ರಾಶಿಗಟ್ಟಲೆ ತೆಗೆದ. 1937ರಲ್ಲಿ ಅವನಿಗೆ ನೊಬೆಲ್ ಬಂತು. ಅಲ್ಲಿ ಹೆಜ್ಜೆ ಹೆಜ್ಜೆಗೂ ಹೆಸರಿದೆ, ಇಸವಿ ಇದೆ, ಸಂಸ್ಥೆ ಇದೆ.

ಒಂದು ವ್ಯತ್ಯಾಸ ಗಮನಿಸಿ. ಸಿಹಿ ಪಾಪ್ರಿಕಾದಲ್ಲಿ ಖಾರದ ಸ್ವಿಚ್ಚೇ ಆಫ್. ಬ್ಯಾಡಗಿಯಲ್ಲಿ ಸ್ವಿಚ್ ಆನ್ ಇದೆ, ವಾಲ್ಯೂಮ್ ಕಮ್ಮಿ ಇದೆ. ನನಗೆ ಕೇಳಿದರೆ ಎರಡನೆಯದೇ ಕಷ್ಟದ ಕೆಲಸ. ಸ್ವಿಚ್ಚಿಗೆ ಮುಖ್ಯವಾಗಿ ಒಂದೇ ಜೀನ್ ಸಾಕು. ವಾಲ್ಯೂಮಿಗೆ ಹಲವು ಜೀನ್‌ಗಳು, ಮೇಲಿಂದ ಬಿಸಿಲು, ನೀರು, ಮಣ್ಣು. ಮಳೆಯಾಶ್ರಿತ ಎರಿ ಹೊಲದಲ್ಲಿ, ಗಿಡ ಬಾಯಾರಿದಾಗಲೂ ಖಾರ ಮಿತಿ ಮೀರದ ಕಾಯಿಯನ್ನು ನಾಲಿಗೆ ತುದಿಯಿಂದ ಆರಿಸಿ ನಿಲ್ಲಿಸಿದ್ದಾರೆ ನಮ್ಮವರು.

ಹಾಗಾದರೆ ನಮ್ಮ ಸೀಮೆಗೆ ತಳಿವಿಜ್ಞಾನಿಗಳು ಬರಲೇ ಇಲ್ಲವಾ? ಬಂದರು, ಮಾರಾಯ್ರೆ, ಎಲ್ಲರಿಗಿಂತ ಮೊದಲೇ ಬಂದರು. ಆದರೆ ಹತ್ತಿಗೆ ಬಂದರು. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜ ತಂದು ಧಾರವಾಡ ಸೀಮೆಯಲ್ಲಿ ಬಿತ್ತಿಸಿತು. ‘ಧಾರವಾಡ ಅಮೆರಿಕನ್’ ಅನ್ನೋ ಹೆಸರೇ ಹತ್ತಿ ಪೇಟೆಯಲ್ಲಿ ಹುಟ್ಟಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರ್ ಗಿರಣಿಗಳಿಗೆ ಹತ್ತಿ ನಿಂತಾಗ ಇಲ್ಲಿಯ ದರ ಗಗನಕ್ಕೇರಿತು. ಬೆರಕೆಯೂ ಏರಿತು. ಅದನ್ನು ತಡೆಯಲು ಮುಂಬೈ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯಿದೆಯನ್ನೇ ತಂದಿತು. ಆಮೇಲೆ ಧಾರವಾಡ ಹತ್ತಿ ಸಂಶೋಧನೆಗೆ ದೊಡ್ಡ ಹೆಸರಾಯಿತು. 1972ರಲ್ಲಿ ಡಾ. ಬಿ.ಎಚ್. ಕಟರ್ಕಿ ಧಾರವಾಡದಲ್ಲಿ ಎರಡು ಬೇರೆ ಜಾತಿಯ ಹತ್ತಿ ಕೂಡಿಸಿ ‘ವರಲಕ್ಷ್ಮಿ’ ಹೈಬ್ರಿಡ್ ಕೊಟ್ಟರು. ವಾಣಿಜ್ಯ ಬೆಳೆಯಾಗಿ ಆ ಬಗೆಯ ಹೈಬ್ರಿಡ್ ಜಗತ್ತಿನಲ್ಲೇ ಮೊದಲು. 1981ರಲ್ಲಿ ‘ಜಯಲಕ್ಷ್ಮಿ’ ಬಂತು.

ಒಂದೇ ಹೊಲದ ಎರಡು ಸಾಲು. ಹತ್ತಿ ಸಾಲಿಗೆ ನೂರೈವತ್ತು ವರ್ಷ ಸರ್ಕಾರ, ಕಾಯಿದೆ, ವಿಜ್ಞಾನಿ. ಪಕ್ಕದ ಮೆಣಸಿನಕಾಯಿ ಸಾಲಿಗೆ ಬಹುಕಾಲ ಆಯಿ ಒಬ್ಬಳೇ. ಕಾರಣ ಸರಳ. ಹತ್ತಿಗೆ ದೂರದಲ್ಲಿ ಒಬ್ಬ ದೊಡ್ಡ ಗಿರಾಕಿ ಇದ್ದ, ಅವನ ಕೈಯಲ್ಲಿ ಎಳೆಯ ಉದ್ದ ಅಳೆಯುವ ಅಳತೆಗೋಲಿತ್ತು. ಅಳೆಯಲು ಬಂದದ್ದಕ್ಕೆ ದರ ಕಟ್ಟಬಹುದು. ದರ ಕಟ್ಟಿದ ಗುಣವನ್ನು ತಳಿಯಲ್ಲಿ ತರಲು ಸಂಬಳ ಕೊಟ್ಟು ವಿಜ್ಞಾನಿಗಳನ್ನು ಇಡಬಹುದು. ಆಯಿಯ ಮೂಗಿಗೆ ಅಂಥ ಗಿರಾಕಿ ಇರಲಿಲ್ಲ.

ಕೊನೆಗೆ ಮೆಣಸಿನಕಾಯಿಗೂ ಅಳತೆಗೋಲು ಬಂತು. ಮೊದಲು ಬಂದದ್ದು ಖಾರಕ್ಕೆ. 1912ರಲ್ಲಿ ಅಮೆರಿಕದ ಔಷಧ ಕಂಪನಿಯೊಂದರಲ್ಲಿದ್ದ ವಿಲ್ಬರ್ ಸ್ಕೋವಿಲ್ ಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗಿ, ರುಚಿ ನೋಡುವವರಿಗೆ ಖಾರ ಗೊತ್ತಾಗದ ಹಂತ ಎಷ್ಟನೇ ಪಟ್ಟು ಅಂತ ಲೆಕ್ಕ ಇಟ್ಟ. ಗುಂಟೂರು ಸಣ್ಣಂ 35,000ದಿಂದ 40,000 ಸ್ಕೋವಿಲ್ ಅನ್ನುವಾಗ ಬಳಸೋದು ಇದೇ ಮಾನ. ಸ್ಕೋವಿಲ್‌ನ ಪರೀಕ್ಷೆಯಲ್ಲಾದರೂ ನಾಲಿಗೆ ಇತ್ತು. ಈಗ ಅದನ್ನೂ ಯಂತ್ರ ಮಾಡುತ್ತದೆ.

ಬ್ಯಾಡಗಿಯ ಹಣೆಬರಹ ಬದಲಿಸಿದ್ದು ಎರಡನೇ ಅಳತೆಗೋಲು, ಬಣ್ಣದ್ದು. ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಹೆಸರಿನ ಮೊದಲಕ್ಷರ ಕೂಡಿಸಿ ಇದನ್ನು ‘ಆಸ್ಟಾ’ ಅನ್ನುತ್ತಾರೆ. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಕತ್ತಲಲ್ಲಿ ಹೊತ್ತುಗಟ್ಟಲೆ ಇಟ್ಟು, ಸೋಸಿದ ದ್ರಾವಣದ ಮೂಲಕ 460 ನ್ಯಾನೊಮೀಟರ್ ತರಂಗಾಂತರದ ಬೆಳಕು ಹಾಯಿಸಿ, ಎಷ್ಟು ಹೀರಿಕೊಂಡಿತು ನೋಡಿ, 16.4ರಿಂದ ಗುಣಿಸಿ, ಪುಡಿಯ ತೂಕದಿಂದ ಭಾಗಿಸಿದರೆ ಬರುವ ಅಂಕಿ. ಸಣ್ಣಂ ಕಾಯಿಗೆ ಇದು 30ರ ಆಸುಪಾಸು. ಬ್ಯಾಡಗಿಗೆ 150ರ ಆಸುಪಾಸು. ಐದು ಪಟ್ಟು!

ಇದರಿಂದ ಹೊಸ ಗಿರಾಕಿ ಬಂದ. ಕೇರಳದಲ್ಲಿ, ಆಮೇಲೆ ನಮ್ಮಲ್ಲೂ, ಮೆಣಸಿನಕಾಯಿಯಿಂದ ಓಲಿಯೊರೆಸಿನ್ ಎಂಬ ಗಾಢ ಕೆಂಪು ಎಣ್ಣೆಯಂಥ ಸಾರ ತೆಗೆಯುವ ಕಾರ್ಖಾನೆಗಳು ಬೆಳೆದವು. ಅದು ಚಿಪ್ಸ್, ಸಾಸೇಜ್, ಸಾಸ್‌ಗಳಿಗೆ, ಲಿಪ್‌ಸ್ಟಿಕ್ಕಿಗೆ, ಮೊಟ್ಟೆಯ ಹಳದಿ ಗಾಢವಾಗಲೆಂದು ಕೋಳಿ ಮೇವಿಗೂ ಹೋಗುತ್ತದೆ. ಕೃತಕ ಬಣ್ಣ ಬೇಡ ಅನ್ನುವ ಜಗತ್ತಿಗೆ ದ್ಯಾವನೂರಿನ ಕೆಂಪು ಸಿಕ್ಕಿತು. ರೈತರಿಗೆ ಒಳ್ಳೆ ದರ ಬಂತು, ಬ್ಯಾಡಗಿ ಸುತ್ತ ಬಣ್ಣ ಮಾಸದಂತೆ ಕಾಯಿಡುವ ಕೋಲ್ಡ್ ಸ್ಟೋರೇಜ್‌ಗಳು ಎದ್ದವು. ಇದನ್ನೆಲ್ಲ ಕೆಟ್ಟದ್ದು ಅಂತ ನಾನು ಹೇಳಲ್ಲ. ಒಣ ಭೂಮಿಯ ರೈತನ ಕೈಗೆ ನಾಲ್ಕು ಕಾಸು ಕಂಡದ್ದು ಈ ಅಂಕಿಯಿಂದಲೇ.

ಆದರೆ ಅಂಕಿಗೆ ದರ ಬಂದಮೇಲೆ ಅಂಕಿಗೆ ತಕ್ಕ ಬೀಜ ಬರಲೇಬೇಕಲ್ಲ. ಬೀಜ ಕಂಪನಿಗಳು ಬ್ಯಾಡಗಿ ಮಾದರಿಯ ಹೈಬ್ರಿಡ್‌ಗಳನ್ನು ತಂದವು. ನೋಡಲು ಸುಕ್ಕು, ಬಣ್ಣ ಕಡು, ಇಳುವರಿ ನಮ್ಮ ಹಳೇ ತಳಿಗಿಂತ ಎಷ್ಟೋ ಹೆಚ್ಚು. ನೀರಾವರಿ ಇದ್ದ ಬಳ್ಳಾರಿ, ರಾಯಚೂರು, ಆಂಧ್ರ, ತೆಲಂಗಾಣದ ಹೊಲಗಳು ಅವನ್ನು ಎತ್ತಿಕೊಂಡವು. ಆ ಕಾಯಿ ಲಾರಿ ಹತ್ತಿ ಬ್ಯಾಡಗಿ ಪೇಟೆಗೇ ಬಂದು, ಬ್ಯಾಡಗಿಯಾಗಿ ಹೊರಗೆ ಹೋಗುತ್ತದೆ. ಕುಂದಗೋಳದ ರೈತನೂ ಅದೇ ಪಾಕೀಟು ಕೊಂಡ. ಬಯ್ಯೋಕೆ ಹೋಗಬೇಡಿ, ಅವನ ಕಷ್ಟ ಬೇರೆ ಇದೆ. ಹಳೇ ಡಬ್ಬಿ, ಕಡ್ಡಿ ಎರಡಕ್ಕೂ ಎಲೆ ಮುಟುರು ರೋಗದ ಕಾಟ. ಥ್ರಿಪ್ಸ್, ನುಸಿ, ಬಿಳಿನೊಣ ಹರಡುವ ವೈರಸ್ ಕೂಡಿ ಗಿಡ ಮುದುಡಿಹೋಗುತ್ತದೆ. 2021ರಲ್ಲಿ ಹೊರದೇಶದಿಂದ ಬಂದ ಕಪ್ಪು ಥ್ರಿಪ್ಸ್ ದಕ್ಷಿಣದ ಮೆಣಸಿನಕಾಯಿ ಹೊಲಗಳನ್ನೇ ನುಂಗಿತು. ಧಾರವಾಡ ಕೃಷಿ ವಿಶ್ವವಿದ್ಯಾಲಯ, ಹಾವೇರಿ ಹತ್ತಿರದ ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರ, ಬೆಂಗಳೂರಿನ ಹೆಸರಘಟ್ಟದ ಸಂಸ್ಥೆ ಈ ಬೆಳೆಯ ಮೇಲೆ ಕೆಲಸ ಮಾಡಿವೆ. ರೋಗ ತಡೆಯುವ ಗುಣ ಬೇರೆ ತಳಿಯಿಂದ ತರಬೇಕು. ತಂದರೆ ಜೊತೆಗೆ ಅದರ ಖಾರ, ನುಣುಪು ಕಾಯಿ ಎಲ್ಲ ಬರುತ್ತದೆ. ಮತ್ತೆ ಮತ್ತೆ ಬ್ಯಾಡಗಿಗೆ ಕೂಡಿಸಿ ಅದನ್ನು ತೊಳೆಯಬೇಕು. ವರ್ಷಗಳ ಕೆಲಸ ಅದು.

ನನ್ನ ಚಿಂತೆ ಇರೋದು ಬೇರೆ ಕಡೆ. ಹೈಬ್ರಿಡ್ ಬೀಜವನ್ನು ಎತ್ತಿಟ್ಟು ಮರುವರ್ಷ ಬಿತ್ತಿದರೆ ಗಿಡಗಳು ಹತ್ತು ಥರ ಆಗುತ್ತವೆ. ಹಾಗಾಗಿ ಬೀಜ ಎತ್ತಿಡುವ ಅಗತ್ಯವೇ ಇಲ್ಲ. ಅಗತ್ಯ ಇಲ್ಲದಿದ್ದರೆ ಕಣದ ಪರೀಕ್ಷೆಯೂ ಇಲ್ಲ. ಹಳೇ ತಳಿ ಹಿಡಿದುಕೊಂಡ ಒಬ್ಬಿಬ್ಬರ ಹೊಲಕ್ಕೆ ಸುತ್ತಲಿನ ಹೈಬ್ರಿಡ್ ಪರಾಗ ಬಂದು ಬೀಳುತ್ತದೆ. ಪ್ರಮಾಣಿತ ಬೀಜ ಬೆಳೆಯಬೇಕಾದರೆ ಬೇರೆ ಮೆಣಸಿನಕಾಯಿ ಹೊಲದಿಂದ ಕನಿಷ್ಠ 200 ಮೀಟರ್ ದೂರ ಇರಬೇಕು ಅನ್ನುತ್ತದೆ ನಿಯಮ. ನಾಲ್ಕು ಎಕರೆ ಚೌಕ ಹೊಲದ ಒಂದು ಮಗ್ಗುಲು 127 ಮೀಟರ್. ಅಂದರೆ ತನ್ನ ಹೊಲದ ನಟ್ಟನಡುವೆ ಬಿತ್ತಿದರೂ ಒಬ್ಬ ಸಣ್ಣ ರೈತ ಬೀಜ ಕಾಯಲಾರ. ಪಕ್ಕದವರು ಒಪ್ಪಬೇಕು. ಹಿಂದೆ ಊರೇ ಒಂದು ತಳಿ ಬೆಳೆಯುತ್ತಿದ್ದಾಗ ಈ ನಿಯಮ ತಾನಾಗೇ ಪಾಲನೆ ಆಗುತ್ತಿತ್ತು. ಈಗ ಹೊಲಕ್ಕೊಂದು ಪಾಕೀಟು.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿತು. ಸಂತೋಷವೇ. ಆದರೆ ಗುರುತು ಹೆಸರನ್ನು ಕಾಯುತ್ತದೆ. ಬೀಜವನ್ನು ಪ್ರತಿ ವರ್ಷ ಕಣದಲ್ಲಿ ಕೂತು ಆರಿಸುವ ಕೆಲಸವನ್ನು ಯಾವ ಪ್ರಮಾಣಪತ್ರವೂ ಮಾಡಲ್ಲ. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿದಿದೆ ಅಂತ ಸಿಟ್ಟಿಗೆದ್ದ ರೈತರು ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಬೆಂಕಿ ಹಚ್ಚಿದ್ದು ಸರಿ ಅಂತ ಯಾರೂ ಹೇಳಲ್ಲ. ಆದರೆ ಒಂದೇ ಅಂಕಿಗೆ, ಕೆಲವೇ ಗಿರಾಕಿಗಳಿಗೆ ಬೆಳೆದ ಬೆಳೆಯಲ್ಲಿ ಆ ಗಿರಾಕಿ ಮುಖ ತಿರುಗಿಸಿದರೆ ರೈತನಿಗೆ ತೋರಿಸಲು ಬೇರೆ ಗುಣವೇ ಉಳಿದಿರುವುದಿಲ್ಲ. ಸಾರ ತೆಗೆಯುವ ಕಾರ್ಖಾನೆಗೆ ಬಣ್ಣದ ಅಂಕಿ ಸಿಕ್ಕರೆ ಸಾಕು, ಕಾಯಿ ಯಾವ ಊರಿನದಾದರೇನು?

ಕಾಕಾ ಒಬ್ಬರು ಪ್ರತಿ ವರ್ಷ ಬ್ಯಾಡಗಿಗೆ ಕಾಯಿ ಒಯ್ಯುವವರು ಹೇಳಿದ ಮಾತಿದು: “ಅಲ್ಲೆ ಬಣ್ಣ ನೋಡ್ತಾರ, ಸುಕ್ಕ ನೋಡ್ತಾರ, ಹಸಿ ಐತೇನು ಅಂತ ಒತ್ತಿ ನೋಡ್ತಾರ. ವಾಸನಿ ಯಾರೂ ನೋಡಂಗಿಲ್ಲ ತಮ್ಮಾ. ವಾಸನಿಗೆ ರೇಟ್ ಇಲ್ಲಲಾ.”

ಅಷ್ಟೇ ವಿಷಯ. ಆಯಿಯ ಪರೀಕ್ಷೆಯಲ್ಲಿ ನಾಲ್ಕೈದು ಪ್ರಶ್ನೆ ಇದ್ದವು: ಬಣ್ಣ, ಹದವಾದ ಖಾರ, ವಾಸನೆ, ರುಚಿ, ಕಾಯಿ ಒಣಗುವ ಬಗೆ. ಪೇಟೆ ಒಂದೂವರೆ ಪ್ರಶ್ನೆ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟಿತು. ಚೆರ್ರಿ, ಪೇರ್‌ನಂಥ ಹಣ್ಣುಗಳಲ್ಲಿ ಸಕ್ಕರೆ ಅಳೆಯುವ ಯಂತ್ರ ಎಷ್ಟೇ ನಿಖರ ಇದ್ದರೂ ಕೊನೆಗೆ ಜನರನ್ನು ಕೂರಿಸಿ ತಿನ್ನಿಸಿ ಅಂಕ ಹಾಕಿಸುವುದನ್ನು ಯಾರೂ ಬಿಟ್ಟಿಲ್ಲ. ಕಾಫಿ, ಚಹಾ ವ್ಯಾಪಾರದಲ್ಲಿ ರುಚಿ ನೋಡುವವರಿಗೇ ಸಂಬಳ. ನೀವು ಚಿಕ್ಕಮಗಳೂರಿನ ಯಾವುದೋ ಒಂದೇ ತೋಟದ ಕಾಫಿಗೆ ‘ಚಾಕೊಲೇಟ್ ಛಾಯೆ’ ಇದೆ ಅಂತ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೀರಿ. ದ್ಯಾವನೂರ ಡಬ್ಬಿಗೆ ಯಾವ ಛಾಯೆ ಇದೆ ಅಂತ ಕೂತು ಮೂಸಿ ನೋಡಿ ಬರೆದಿಡುವ ಒಂದು ಪಂಕ್ತಿ ಕುಂದಗೋಳದಲ್ಲೋ ಧಾರವಾಡದಲ್ಲೋ ಕೂರಬಾರದೇಕೆ? ಆ ಪಂಕ್ತಿಯಲ್ಲಿ ವಿಜ್ಞಾನಿಗಳ ಜೊತೆ, ಕಣದಲ್ಲಿ ಬೀಜ ಆರಿಸಿ ಗೊತ್ತಿರುವ ಎರಡು ಮಂದಿ ಹೆಂಗಸರಿಗೂ ಕುರ್ಚಿ ಇರಬೇಕು. ಅವರ ವಯಸ್ಸು ಈಗ ಎಪ್ಪತ್ತರ ಮೇಲಿದೆ, ತಡ ಮಾಡೋ ಹಾಗಿಲ್ಲ.

ಇನ್ನೊಂದು ಕೆಲಸ ಊರಿನವರದು. ಇಡೀ ಊರು ಬೇಡ, ಒಂದು ಕಡೆ ಅಂಟಿಕೊಂಡಿರುವ ಹತ್ತು ಹೊಲದವರು ಕೂಡಿ “ಈ ಮಡ್ಡಿಯೊಳಗ ಡಬ್ಬಿ ಬಿಟ್ಟು ಬ್ಯಾರೆ ಬಿತ್ತೂದು ಬ್ಯಾಡ” ಅಂತ ತೀರ್ಮಾನ ಮಾಡಿದರೆ ನಡುವಿನ ಹೊಲದಲ್ಲಿ ಶುದ್ಧ ಬೀಜ ಸಿಗುತ್ತದೆ. ಇಳುವರಿ ಕಮ್ಮಿ ಆಗುತ್ತದೆ. ಆ ನಷ್ಟ ತುಂಬುವಷ್ಟು ದರವನ್ನು ತಿನ್ನುವವರು ಕೊಡಬೇಕು. ತಿನ್ನುವವರು ಅಂದರೆ ನಾವು ನೀವೇ. ಲಿಪ್‌ಸ್ಟಿಕ್ ಕಂಪನಿಗೆ ವಾಸನೆ ಬೇಡ, ನಮ್ಮ ಸಾರಿಗೆ ಬೇಕು.

ಹಾಗಾಗಿ ಮುಂದಿನ ಸಲ ಬ್ಯಾಡಗಿ ಕೊಳ್ಳುವಾಗ ಅಂಗಡಿಯವರನ್ನು ಎರಡು ಪ್ರಶ್ನೆ ಕೇಳಿ: ಬೀಜ ಯಾವುದು, ಹೊಲ ಯಾವ ಊರಿನದು? ಹೆಚ್ಚಿನವರಿಗೆ ಉತ್ತರ ಗೊತ್ತಿರಲ್ಲ. ಹತ್ತು ಜನ ಕೇಳಿದರೆ ಅವರು ಅಡತಿಯವರನ್ನು ಕೇಳುತ್ತಾರೆ, ಅಡತಿಯವರು ರೈತರನ್ನು ಕೇಳುತ್ತಾರೆ. ಆಮೇಲೆ ಒಂದು ಕಾಯಿ ಮುರಿದು ಮೂಗಿಗೆ ಹಿಡಿಯಿರಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ ಬಿಡಿ, ಈ ಪರೀಕ್ಷೆಗೆ ನಾಲ್ಕುನೂರು ವರ್ಷ ಆಗಿದೆ.